ಮಗ್ಗದ ಸದ್ದಿಂದ ಕಿವಿ ಉಳಿಸೋಕೆ ಗಿಡಮೂಲಿಕೆ ಇದೆಯಾ?

ಲಾಳಿ8
ದೊಡ್ಡಬಳ್ಳಾಪುರ, 8 ಪವರ್‌ಲೂಮ್ ಇರೋ ಶೆಡ್ಡು, ತಗಡಿನ ಚಾವಣಿ. ಮೊಬೈಲ್ ಆಪ್ ಮಗ್ಗದ ಪಕ್ಕ 98 ಡೆಸಿಬಲ್ ತೋರಿಸುತ್ತೆ. ಇಬ್ಬರು ಕೆಲಸದವರಿಗೆ ಸಂಜೆ ಹೊತ್ತಿಗೆ ಕಿವಿ ಗುಂಯ್ ಅನ್ನುತ್ತಂತೆ. ಈಗ ಹತ್ತಿ ಇಟ್ಕೊಂಡು ಕೆಲಸ ಮಾಡ್ತಾರೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಬಿಲ್ವ ತೈಲ, ಅಶ್ವಗಂಧ, ಗಿಂಕ್ಗೊ (ಚೀನಾ ಮೂಲದ ಮರದ ಎಲೆಯ ಸಾರ) ಮಾತ್ರೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇದರಲ್ಲಿ ಯಾವುದು ಕೆಲಸ ಮಾಡುತ್ತೆ, ಎಷ್ಟು ತಗೋಬೇಕು?

ಕಿವಿಗೂಡು
ಮೊದಲು ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋದು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರಲ್ಲಿ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶ, ಸದ್ದು ಹಿಡಿಯೋದು ಇವೇ. ಜೋರು ಸದ್ದು ಅವನ್ನು ಅಲುಗಾಡಿಸಿ ದಣಿಸುತ್ತೆ, ವಿಷಕಾರಿ ಆಕ್ಸಿಜನ್ ಕಣಗಳು ಹುಟ್ಟಿ ಕೋಶ ಸಾಯುತ್ತೆ. ಮನುಷ್ಯರಲ್ಲಿ ಸತ್ತದ್ದು ಮತ್ತೆ ಹುಟ್ಟಲ್ಲ. ಗಿಂಕ್ಗೊ, ಅರಿಸಿನದ ಸಾರ ಇವುಗಳ ಮೇಲೆ ಆಸೆ ಹುಟ್ಟಿದ್ದು ಈ ಆಕ್ಸಿಜನ್ ಕಣಗಳನ್ನು ತಣಿಸಬಹುದು ಅನ್ನೋ ಲೆಕ್ಕದಿಂದಲೇ. ಇಲಿಗಳಲ್ಲಿ ಸ್ವಲ್ಪ ಫಲ ಕಂಡಿದೆ. ಆದರೆ ಸದ್ದಿನ ಹಾನಿ ತಡೆಯುತ್ತೆ ಅಂತ ಮನುಷ್ಯರಲ್ಲಿ ಸಾಬೀತಾದ ಮೂಲಿಕೆ ಒಂದೂ ಇಲ್ಲ, ಹಾಗಾಗಿ "ಎಷ್ಟು ತಗೋಬೇಕು" ಅನ್ನೋದಕ್ಕೆ ಉತ್ತರವೂ ಇಲ್ಲ. ಗಿಂಕ್ಗೊ ಕಿವಿ ಗುಂಯ್ ಅನ್ನೋದಕ್ಕೂ ಪ್ರಯೋಜನ ಕೊಟ್ಟಿಲ್ಲ. ಮೇಲಾಗಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ವಾರ್ಫರಿನ್ ತಗೊಳ್ಳೋರಿಗೆ ಅದರಿಂದ ರಕ್ತಸ್ರಾವದ ಭಯ. ಅಶ್ವಗಂಧ ಕೆಲವರ ಲಿವರ್, ಥೈರಾಯ್ಡ್ ಕೆಡಿಸಿದ್ದೂ ಇದೆ.

ಮೂಲಿಕೆ ಅಲ್ಲದ ಒಂದು ಮಾತು: 1994ರಲ್ಲಿ ಇಸ್ರೇಲಿನಲ್ಲಿ 300 ಹೊಸ ಸೈನಿಕರ ಮೇಲೆ ಪರೀಕ್ಷೆ ಆಯ್ತು. ಗುಂಡು ಹಾರಿಸೋ ತರಬೇತಿ ವೇಳೆ ದಿನಕ್ಕೆ 167 ಮಿಲಿಗ್ರಾಂ ಮೆಗ್ನೀಸಿಯಂ ತಗೊಂಡವರಿಗೆ ಶಾಶ್ವತ ಹಾನಿ ಕಮ್ಮಿ ಕಂಡಿತು. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 140 ಮಿಲಿಗ್ರಾಂ ಇದೆ, ಎಳ್ಳಲ್ಲಿ ಇನ್ನೂ ಜಾಸ್ತಿ. ಮುದ್ದೆ ತಿನ್ನಿ, ಒಳ್ಳೇದೇ. ಆದರೆ ಅದನ್ನು ನಂಬಿ ಬರಿಗಿವಿಯಲ್ಲಿ ಮಗ್ಗದ ಮುಂದೆ ನಿಲ್ಲಬೇಡಿ. ಕಿಡ್ನಿ ತೊಂದರೆ ಇರೋರು ಮೆಗ್ನೀಸಿಯಂ ಮಾತ್ರೆ ಮುಟ್ಟಬಾರದು.

ಬಿಲ್ವಪತ್ರೆ
ಬಿಲ್ವ ತೈಲ ಅಂದರೆ ಎಳೇ ಬಿಲ್ವದ ಕಾಯಿಯನ್ನು ಗೋಮೂತ್ರದಲ್ಲಿ ಅರೆದು, ಎಳ್ಳೆಣ್ಣೆ, ನೀರು, ಆಡಿನ ಹಾಲು ಸೇರಿಸಿ ಕಾಯಿಸಿದ್ದು. ಗ್ರಂಥಗಳು ಕರ್ಣರೋಗಕ್ಕೆ ಹೇಳಿರೋದು ನಿಜ. ಆದರೆ ಮಗ್ಗದ ಸದ್ದಿಗೆ ಅಡ್ಡ ನಿಲ್ಲೋ ಔಷಧ ಅಲ್ಲ. ಕಿವಿಗೆ ಬಿಟ್ಟ ಎಣ್ಣೆ ತಮಟೆ ಹತ್ತಿರ ನಿಂತುಬಿಡುತ್ತೆ, ಕಾಕ್ಲಿಯಾ ತಲುಪೋ ದಾರಿಯೇ ಇಲ್ಲ. ತಮಟೆಯಲ್ಲಿ ತೂತು ಇದ್ದರಂತೂ ಎಣ್ಣೆ ನಡುಗಿವಿಗೆ ಇಳಿದು ಕೀವು ಕಟ್ಟಬಹುದು. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ಹಿಂದೆ ಆಪರೇಷನ್ ಆಗಿದ್ದರೆ ಒಂದು ಹನಿಯೂ ಬೇಡ.

ಬೆಳ್ಳುಳ್ಳಿ ಎಣ್ಣೆ ಇನ್ನೂ ಕೆಟ್ಟದ್ದು. ಹಸಿ ಬೆಳ್ಳುಳ್ಳಿ ರಸ ಕಿವಿಯೊಳಗಿನ ತೆಳು ಚರ್ಮ ಸುಡುತ್ತೆ, ಬಾಣಲೆಯಿಂದ ಇಳಿಸಿದ ಬಿಸಿ ಎಣ್ಣೆ ತಮಟೆಯನ್ನೇ ಬೇಯಿಸುತ್ತೆ. ಜಿಡ್ಡು, ಬೆವರು, ನೂಲಿನ ಧೂಳು ಮೂರೂ ಸೇರಿದರೆ ಬೂಷ್ಟು ಹಿಡಿಯೋ ಭಯವೂ ಇದೆ.

ಪಿಕ್ಕರ್‌ಪಟ್ಟಿ
98 ಡೆಸಿಬಲ್‌ಗೆ ಲೆಕ್ಕ ನೋಡಿ. ಬರಿಗಿವಿಯಲ್ಲಿ ದಿನಕ್ಕೆ ಇರಬಹುದಾದ ಹೊತ್ತು 85ಕ್ಕೆ 8 ಗಂಟೆ, ಮುಂದೆ 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ. ಹಾಗೆ ಲೆಕ್ಕ ಹಾಕಿದರೆ 98ಕ್ಕೆ ಸಿಗೋದು ಹೆಚ್ಚುಕಮ್ಮಿ 25 ನಿಮಿಷ. (ನಮ್ಮ ಕಾರ್ಖಾನೆ ನಿಯಮ ಇದಕ್ಕಿಂತ ಸಡಿಲ, 90ಕ್ಕೆ 8 ಗಂಟೆ, 100ಕ್ಕೆ 2 ಗಂಟೆ. ಕಿವಿ ಆ ನಿಯಮ ಓದಿಲ್ಲ.) ಒಣ ಹತ್ತಿ ತಡೆಯೋದು ಕಮ್ಮಿ, ತಡೆದ ಹಾಗೆ ಅನ್ನಿಸೋದು ಜಾಸ್ತಿ.

ಸ್ಪಂಜಿನ ಇಯರ್‌ಪ್ಲಗ್ ತನ್ನಿ, ಪೊಟ್ಟಣದ ಮೇಲೆ ಎಷ್ಟು ಡೆಸಿಬಲ್ ತಡೆಯುತ್ತೆ ಅನ್ನೋ ಅಂಕಿ ಎನ್‌ಆರ್‌ಆರ್ 33 ಅಂತಿರಲಿ. ಅಷ್ಟೂ ಸಿಗಲ್ಲ. 33ರಲ್ಲಿ 7 ಕಳೆದು ಅರ್ಧ ಮಾಡಿ, 13 ಬರುತ್ತೆ. 98ರಿಂದ 13 ಹೋದರೆ 85.

ಹಾಕೋದರಲ್ಲೇ ಎಲ್ಲರೂ ಎಡವೋದು. ಕೈ ತೊಳೆದು, ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಆಗ ದಾರಿ ನೆಟ್ಟಗಾಗುತ್ತೆ. ಒಳಗೆ ತಳ್ಳಿ 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡಿಯಿರಿ. ಆಮೇಲೆ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ಗಣನೀಯವಾಗಿ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ. 8 ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೂ ದಿನದ ಪಾಲು ಅಲ್ಲೇ ಮುಗೀತು. ಕೊಳೆಯಾದರೆ ಎಸೆಯಿರಿ.

ಲಾಳಿ8
ಪ್ಲಗ್ ಹಾಕಿದರೆ ಮಗ್ಗ ಕೆಟ್ಟು ಸದ್ದು ಬದಲಾದದ್ದು ಗೊತ್ತಾಗಲ್ಲ ಅಂತಾರೆ?

ಪಿಕ್ಕರ್‌ಪಟ್ಟಿ
ಕಿವಿ ಚೆನ್ನಾಗಿರೋರಿಗೆ ಅಂಥ ಗದ್ದಲದಲ್ಲಿ ಪ್ಲಗ್ ಹಾಕಿದರೆ ಮಾತು ಕೆಲವೊಮ್ಮೆ ಇನ್ನೂ ಸ್ಪಷ್ಟ, ಎಲ್ಲ ಸದ್ದೂ ಒಟ್ಟಿಗೇ ತಗ್ಗುತ್ತೆ. ವಾರ ಹದಿನೈದು ದಿನ ರೂಢಿ ಆಗಬೇಕು. ಆಗಲೇ ಕೇಳಿಸೋದು ಕಮ್ಮಿ ಆಗಿರೋರಿಗೆ ನಿಜವಾಗಲೂ ಕಷ್ಟ. ಸವೆದ ಪಿಕ್ಕರ್ (ಲಾಳಿಯನ್ನು ಹೊಡೆದು ತಳ್ಳೋ ತುಂಡು), ಸಡಿಲ ಬೋಲ್ಟ್ ಬದಲಿಸಿ, ಮಗ್ಗದ ಕಾಲಡಿ ರಬ್ಬರ್ ಹಾಕಿ. ಲಾಳಿ ಬಡಿಯೋ ಸದ್ದು ಮೂಲದಲ್ಲೇ ಒಂದಿಷ್ಟು ತಗ್ಗುತ್ತೆ.

ಕಿವಿಗೂಡು
ಗುಂಯ್ ಅನ್ನುತ್ತೆ ಅಂದ ಆ ಇಬ್ಬರಿಗೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ಮಾಡಿಸಿ. ಮಗ್ಗದಿಂದ ಕನಿಷ್ಠ 14 ಗಂಟೆ ದೂರ ಇದ್ದು, ರಜೆ ಕಳೆದ ಬೆಳಗ್ಗೆ ಹೋಗಲಿ. 3000, 4000, 6000 ಹರ್ಟ್ಜ್‌ನ ಕೀಚಲು ಸ್ವರ ಎಷ್ಟು ಕೇಳಿಸುತ್ತೆ ನೋಡಿ ಅಂತ ಹೇಳಿ. ಸದ್ದಿನ ಹಾನಿ ಮೊದಲು 4000ದ ಸುತ್ತ ತಗ್ಗು ಬೀಳಿಸುತ್ತೆ, ಮಾತು ಕೇಳಿಸ್ತಾ ಇರೋದರಿಂದ ಯಾರಿಗೂ ತಿಳಿಯಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡ್ತಾರೆ, ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲೂ ಕೇಳಿ. ಇಎಸ್‌ಐ ಇದ್ದರೆ ವರದಿ ಜೋಪಾನ, ಸದ್ದಿನಿಂದ ಬಂದ ಕಿವುಡು ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಯಾರಿಗಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ ಎಣ್ಣೆ ಹುಡುಕಬೇಡಿ, ಅವತ್ತೇ ಡಾಕ್ಟರ್ ಹತ್ತಿರ. ಆಗ ಕೊಡೋ ಸ್ಟೆರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೇದು, ಎರಡು ವಾರ ದಾಟಿದರೆ ಗುಣ ಸಿಗೋದು ಕಷ್ಟ.