ಯಾವ ಮೋಸಕ್ಕೂ ಸಮಾನವಾದ ಲಕ್ಷಣಗಳಿವೆಯೇ?

ಪ್ರಶ್ನೆ:
ಬಹುಮಾನ ಬಂದಿದೆಯೆಂಬ ಸಂದೇಶ, ಖಾತೆ ಸ್ಥಗಿತವಾಗಲಿದೆಯೆಂಬ ಕರೆ, ಕೆಲವೇ ವಾರಗಳಲ್ಲಿ ಹಣ ದುಪ್ಪಟ್ಟು ಮಾಡುವ ಯೋಜನೆ, ಹೀಗೆ ಮೋಸದ ವೇಷಗಳು ಬದಲಾಗುತ್ತಲೇ ಇವೆ. ಪ್ರತಿಯೊಂದನ್ನೂ ನೆನಪಿಟ್ಟುಕೊಳ್ಳುವುದು ಸಾಧ್ಯವಿಲ್ಲ. ವೇಷ ಯಾವುದಾದರೂ ಒಳಗಿನ ಮೋಸವನ್ನು ಗುರುತಿಸಲು ನೆರವಾಗುವ ಲಕ್ಷಣಗಳಿದ್ದರೆ ದಯವಿಟ್ಟು ತಿಳಿಸಿ. ಮನೆಯ ಹಿರಿಯರಿಗೆ ವಿವರಿಸಬೇಕಾಗಿದೆ.

ಉತ್ತರ 1:
ದುರಾಸೆಯೇ ಮೂಲ ಕಾರಣ. ದುಡಿಯದೆ ಬರುವ ಹಣ ಬೇಡವೆಂದು ನಿರ್ಧರಿಸಿದವರನ್ನು ಯಾರೂ ವಂಚಿಸಲಾರರು.

ಉತ್ತರ 2:
ಮೇಲಿನ ಮಾತನ್ನು ಒಪ್ಪಲಾರೆ, ಏಕೆಂದರೆ ಮಗ ಅಪಘಾತದಲ್ಲಿ ಸಿಲುಕಿದ್ದಾನೆಂಬ ಸುಳ್ಳು ಕರೆಗೆ ಹೆದರಿ ಹಣ ಕಳುಹಿಸುವ ತಾಯಿಯಲ್ಲಿ ಯಾವ ದುರಾಸೆಯೂ ಇರುವುದಿಲ್ಲ. ವಂಚಕರು ಭಯ, ಕರುಣೆ, ಒಂಟಿತನ, ಅಷ್ಟೇಕೆ, ಸಂಕೋಚವನ್ನೂ ಬಳಸಿಕೊಳ್ಳುತ್ತಾರೆ. 1849ರಲ್ಲಿ ನ್ಯೂಯಾರ್ಕ್‌ನಲ್ಲಿ ಬಂಧಿತನಾದ ವಿಲಿಯಂ ಥಾಂಪ್ಸನ್ ಎಂಬಾತ ಅಪರಿಚಿತರೊಡನೆ ಸಭ್ಯವಾಗಿ ಮಾತು ಬೆಳೆಸಿ, ನಾಳೆಯವರೆಗೆ ಗಡಿಯಾರವನ್ನು ತನ್ನ ಕೈಗೊಪ್ಪಿಸುವಷ್ಟು ನಂಬಿಕೆ ನಿಮಗಿದೆಯೇ ಎಂದು ಕೇಳುತ್ತಿದ್ದ. ಇಲ್ಲವೆನ್ನಲು ಮುಜುಗರಪಡುವಂಥ ಸನ್ನಿವೇಶವನ್ನು ಕಟ್ಟುವುದರಲ್ಲೇ ಅವನ ಚಾತುರ್ಯವಿತ್ತು.

ನಿಮ್ಮ ಹಿರಿಯರಿಗೆ ನಾನು ಮೊದಲು ಹೇಳಬಯಸುವುದು ಅವಸರ ಮತ್ತು ಗುಟ್ಟಿನ ಬಗ್ಗೆ. ಈಗಲೇ ಮಾಡಬೇಕು, ಯಾರಿಗೂ ಹೇಳಬಾರದು, ಕರೆ ಕಡಿತಗೊಳಿಸಬಾರದು ಎಂಬ ಮೂರೂ ಒತ್ತಾಯಗಳ ಉದ್ದೇಶ ಒಂದೇ: ನೀವು ಇನ್ನೊಬ್ಬರನ್ನು ಕೇಳದಂತೆ ನೋಡಿಕೊಳ್ಳುವುದು. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಅನುಮಾನವಿದ್ದರೆ ಈ ಸಂಖ್ಯೆಗೆ ಕರೆಮಾಡಿ ವಿಚಾರಿಸಿ ಎಂದು ವಂಚಕನೇ ಧೈರ್ಯವಾಗಿ ಹೇಳಬಹುದು, ಆದರೆ ಆ ಸಂಖ್ಯೆಯಲ್ಲಿ ಉತ್ತರಿಸುವವನು ಅವನ ಜೊತೆಗಾರನೇ ಆಗಿರುತ್ತಾನೆ. ಪರದೆಯ ಮೇಲೆ ಮೂಡುವ ಬ್ಯಾಂಕಿನ ಹೆಸರನ್ನೂ ನಕಲು ಮಾಡಬಹುದು, ಪರಿಚಿತರ ಧ್ವನಿಯನ್ನೂ ಈಗ ಕಂಪ್ಯೂಟರ್‌ನಿಂದ ಅನುಕರಿಸಬಹುದು. ಆದ್ದರಿಂದ ಕರೆಯನ್ನು ಮುಗಿಸಿ, ನಿಮ್ಮ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಅಥವಾ ನಿಮ್ಮಲ್ಲಿ ಮೊದಲೇ ಇದ್ದ ಸಂಖ್ಯೆಗೆ ನೀವಾಗಿಯೇ ಕರೆಮಾಡಿ. ನಿಜವಾದ ಬ್ಯಾಂಕಿನವರು ಇದಕ್ಕೆ ಅಡ್ಡಿಪಡಿಸುವುದಿಲ್ಲ. ಒಟಿಪಿ ಕೇಳುವವರು, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರು, ಗಿಫ್ಟ್ ಕಾರ್ಡ್ ಅಥವಾ ಕ್ರಿಪ್ಟೊ ರೂಪದಲ್ಲೇ ದಂಡ ಕಟ್ಟಬೇಕೆನ್ನುವವರು ಯಾರೇ ಆಗಿರಲಿ, ಅಲ್ಲಿಗೇ ಮಾತು ನಿಲ್ಲಿಸಬಹುದು.

ಉತ್ತರ 3:
ಹೂಡಿಕೆಯ ಮೋಸದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೊದಲ ಕಂತು ಸರಿಯಾಗಿ ಕೈಸೇರಿತೆಂಬುದನ್ನು ಜನರು ಪುರಾವೆಯೆಂದು ಭಾವಿಸುತ್ತಾರೆ. 1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪಾಂಝಿ 45 ದಿನಗಳಲ್ಲಿ ಶೇಕಡಾ 50ರಷ್ಟು ಲಾಭದ ಭರವಸೆ ಕೊಟ್ಟು, ಹೊಸಬರ ಹಣದಿಂದಲೇ ಹಳಬರಿಗೆ ಪಾವತಿ ಮಾಡುತ್ತಿದ್ದ. ಲಾಭ ಪಡೆದವರೇ ಪ್ರಾಮಾಣಿಕವಾಗಿ ಅವನ ಪ್ರಚಾರಕರಾದರು. ಹಾಗೆಂದು ಅತಿಯಾದ ಲಾಭವೊಂದೇ ಗುರುತೆಂದು ತಿಳಿಯಬೇಡಿ. ಇತರರ ಹಣವನ್ನು ಹೂಡುವುದಾಗಿ ಪಡೆದು ವಂಚಿಸಿ 2008ರಲ್ಲಿ ಬಂಧಿತನಾದ ಅಮೆರಿಕದ ಬರ್ನಾರ್ಡ್ ಮೇಡಾಫ್ ತೋರಿಸುತ್ತಿದ್ದ ಲಾಭ ಮಿತವಾಗಿಯೇ ಇತ್ತು, ಆದರೆ ಮಾರುಕಟ್ಟೆ ಕುಸಿದಾಗಲೂ ಅದು ಅಲುಗಾಡುತ್ತಿರಲಿಲ್ಲ. ಆ ಅಸಹಜ ಸ್ಥಿರತೆಯೇ ಪ್ರಶ್ನಿಸಬೇಕಾಗಿದ್ದ ಸಂಗತಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಣ ಹೋದ ಮೇಲೆ ತಿಳಿದರೆ ಏನು ಮಾಡಬೇಕು?

ಉತ್ತರ 2:
ತಡಮಾಡದೆ ಬ್ಯಾಂಕಿಗೆ ತಿಳಿಸಿ. ಹಣ ಇನ್ನೊಂದು ಖಾತೆಯಿಂದ ಮುಂದಕ್ಕೆ ಸಾಗುವ ಮೊದಲು ತಡೆಯಲು ಸಾಧ್ಯವಾಗಬಹುದು. ಸಂದೇಶಗಳನ್ನು ಅಳಿಸದೆ ಪೊಲೀಸರಿಗೆ ದೂರು ಕೊಡಿ, ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಾಯಿಸಿ. ಅನಂತರದ ದಿನಗಳಲ್ಲಿ, ಕಳೆದ ಹಣವನ್ನು ಶುಲ್ಕ ಪಡೆದು ಮರಳಿಸುತ್ತೇವೆನ್ನುವ ಕರೆ ಬಂದರೆ ಅದನ್ನು ಖಂಡಿತ ನಂಬಬೇಡಿ, ಏಕೆಂದರೆ ಒಮ್ಮೆ ಮೋಸಹೋದವರ ಪಟ್ಟಿಯನ್ನು ವಂಚಕರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ. ಹಿರಿಯರು ನಾಚಿಕೆಯಿಂದ ವಿಷಯ ಮುಚ್ಚಿಟ್ಟರೆ ಈ ಎರಡನೆಯ ಮೋಸ ಸುಲಭವಾಗುತ್ತದೆ. ಏನಾದರೂ ಕಳೆದುಕೊಂಡರೂ ಬೈಯುವುದಿಲ್ಲವೆಂದು ಅವರಿಗೆ ಈಗಲೇ ಮಾತು ಕೊಟ್ಟಿಡಿ.