ಗಾಜಿನ ಮೇಲೆ ನ್ಯಾನೋರಾಡ್ ಮಂಕು, ಪಿಎಂಎಂಎಯಲ್ಲಿ ಧ್ರುವೀಕರಣ ಕಡಿಮೆ: ಯಾಕೆ?

ಬೆಳಕುಕಡ್ಡಿ:
ನನ್ನ ನ್ಯಾನೋರಾಡ್‌ಗಳು (ಅತಿಸೂಕ್ಷ್ಮ ಅರೆವಾಹಕ ಕಡ್ಡಿಗಳು): ಕ್ಯಾಡ್ಮಿಯಂ ಸೆಲೆನೈಡ್ ತಿರುಳು, ಕ್ಯಾಡ್ಮಿಯಂ ಸಲ್ಫೈಡ್ ಕವಚ. ಉದ್ದ 40, ದಪ್ಪ 5 ನ್ಯಾನೋಮೀಟರ್. 450 ನ್ಯಾನೋಮೀಟರ್ ತರಂಗಾಂತರದ ಪಲ್ಸ್ ಲೇಸರ್‌ಗೆ 610ರ ಆಸುಪಾಸಿನಲ್ಲಿ ಹೊಳೆಯುತ್ತವೆ. ಟಾಲ್ವೀನಿನಲ್ಲಿ ತಕರಾರಿಲ್ಲ. ನ್ಯಾನೋಮೋಲಾರ್‌ಗೆ ತೆಳು ಮಾಡಿ, ಪ್ಲಾಸ್ಮಾದಲ್ಲಿ ಶುಚಿ ಮಾಡಿದ ಕವರ್‌ಸ್ಲಿಪ್ ಮೇಲೆ ಸ್ಪಿನ್ ಮಾಡಿದರೆ (ಗರಗರ ತಿರುಗಿಸಿ ತೆಳುವಾಗಿ ಹರಡಿದರೆ) ಮಂಕು, ವಿಪರೀತ ಮಿಣುಕು, ಹೊಳಪಿನ ರೋಹಿತದ ಶಿಖರವೂ ನೀಲಿ ಕಡೆಗೆ ಜಾರುತ್ತದೆ. ಪಿಎಂಎಂಎ ಎಂಬ ಪಾರದರ್ಶಕ ಪಾಲಿಮರಿನಲ್ಲಿ ಹುದುಗಿಸಿದರೆ ಸ್ಥಿರ, ಆದರೆ ಪ್ರಚೋದನೆಯ ಧ್ರುವೀಕರಣ (ಲೇಸರ್‌ನ ಧ್ರುವೀಕರಣ ದಿಕ್ಕು ತಿರುಗಿಸಿದಾಗ ಹೊಳಪು ಎಷ್ಟು ಬದಲಾಗುತ್ತದೆ ಎಂಬ ಅಳತೆ) 0.8ರಿಂದ 0.5ಕ್ಕೆ ಇಳಿಯುತ್ತದೆ. ಪಾಲಿಮರ್ ರಾಡ್‌ಗಳನ್ನು ಕೆಡಿಸುತ್ತಿದೆಯೇ?

ಎಪ್ಸಿಲಾನ್:
ಕೆಡಿಸುತ್ತಿಲ್ಲ, ಅದು ಬರಬೇಕಾದ ಅಂಕಿಯೇ. ಕಡ್ಡಿಯ ಉದ್ದಕ್ಕಿರುವ ವಿದ್ಯುತ್ ಕ್ಷೇತ್ರ ಒಳಗೆ ಹಾಗೇ ಹೋಗುತ್ತದೆ, ಅಡ್ಡದ್ದು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ? ಸುತ್ತಲಿನ ಡೈಎಲೆಕ್ಟ್ರಿಕ್ ಸ್ಥಿರಾಂಕದ ಎರಡರಷ್ಟನ್ನು ಎರಡೂ ಸ್ಥಿರಾಂಕಗಳ ಮೊತ್ತದಿಂದ ಭಾಗಿಸಿ. ಸಲ್ಫೈಡಿಗೆ 6 ಅಂದುಕೊಂಡರೆ ಗಾಳಿಯಲ್ಲಿ 2/7, ಅದರ ವರ್ಗ 0.08, ಧ್ರುವೀಕರಣ (1−0.08)/(1+0.08), ಅಂದರೆ 0.85. ಪಿಎಂಎಂಎಗೆ 2.2 ಹಾಕಿದರೆ ವರ್ಗ 0.29, ಧ್ರುವೀಕರಣ 0.55. ಲೆಕ್ಕ ಉದ್ದನೆಯ ಸಿಲಿಂಡರಿನದ್ದು, ನಿಮ್ಮದರಲ್ಲಿ ಒಂದು ಬದಿಗೆ ಗಾಜೂ ಇದೆ. ಆದರೂ ಇಳಿಕೆ ಹೊಂದುತ್ತದೆ. ಹೊರಸೂಸುವ ಬೆಳಕಿನ ಧ್ರುವೀಕರಣ ಬೇರೆ ಕಥೆ: ಅದರ ಒಂದು ಪಾಲು ತಿರುಳಿನ ಶಕ್ತಿಮಟ್ಟಗಳಿಂದಲೇ ಬರುತ್ತದೆ, ಸುತ್ತಲಿನ ಮಾಧ್ಯಮವೊಂದನ್ನೇ ದೂರಬೇಡಿ.

ಲಿಗ್ಯಾಂಡ್_ಪ್ರೇಮಿ:
ಮಂಕಾಗುವುದಕ್ಕೆ ಕಾರಣ ತೆಳು ಮಾಡುವುದರಲ್ಲೇ ಇರಬಹುದು. ಅಷ್ಟು ಕಡಿಮೆ ಸಾಂದ್ರತೆಯಲ್ಲಿ ಲಿಗ್ಯಾಂಡ್ (ರಾಡ್ ಮೈಗೆ ಅಂಟಿದ ಅಣುಗಳು) ಬಿಟ್ಟುಹೋಗಿ ಮೈಮೇಲೆ ವಿದ್ಯುದಂಶ ಸಿಕ್ಕಿಬೀಳುವ ಟ್ರ್ಯಾಪ್‌ಗಳು ತೆರೆದುಕೊಳ್ಳುತ್ತವೆ. ಲಿಗ್ಯಾಂಡ್‌ಗಳಲ್ಲಿ ಅಮೀನ್ ಬೇಗ ಕಳಚುತ್ತದೆ, ಫಾಸ್ಫೋನಿಕ್ ಆಮ್ಲ ಗಟ್ಟಿಯಾಗಿ ಹಿಡಿಯುತ್ತದೆ. ಸ್ಪಿನ್ ಮಾಡುವ ಮುನ್ನವಷ್ಟೇ ತೆಳು ಮಾಡಿ, ಅದೂ ನೇರವಾಗಿ ಪಿಎಂಎಂಎ-ಟಾಲ್ವೀನ್ ದ್ರಾವಣಕ್ಕೆ, ಮಾಡಿಟ್ಟುಕೊಳ್ಳಬೇಡಿ. ಲಿಗ್ಯಾಂಡ್ ಸೇರಿಸುವುದಾದರೆ ಲವಲೇಶ ಸಾಕು, ಜಾಸ್ತಿಯಾದರೆ ಗಾಜಿನ ಮೇಲೆ ಕೊಳೆಯಂತೆ ಕೂತು ಹಿನ್ನೆಲೆ ಏರುತ್ತದೆ.

ನೀಲಿ ಜಾರುವಿಕೆ ಬೆಳಕು ಮತ್ತು ಆಮ್ಲಜನಕ ಸೇರಿ ಮಾಡುವ ಉತ್ಕರ್ಷಣ ಅನಿಸುತ್ತದೆ. ಒಣ ನೈಟ್ರೋಜನ್ ಹರಿಸಿ ನೋಡಿ: ನಿಂತರೆ ಅದೇ. ಮಿಣುಕು ಮಾತ್ರ ನಿಲ್ಲದೆ ಇರಬಹುದು, ಹೆಚ್ಚುವರಿ ವಿದ್ಯುದಂಶ ಕೂತ ರಾಡ್‌ನಲ್ಲಿ ಆಜೆ ಪ್ರಕ್ರಿಯೆ (ಶಕ್ತಿ ಬೆಳಕಾಗದೆ ಆ ವಿದ್ಯುದಂಶಕ್ಕೆ ಹೋಗುವುದು) ಬೆಳಕನ್ನು ನುಂಗುತ್ತದೆ. ಲೇಸರ್ ಇಳಿಸಿ, ಪಲ್ಸ್‌ಗೆ ಸರಾಸರಿ 0.1 ಜೋಡಿಗಿಂತ ಹೆಚ್ಚು ಎಲೆಕ್ಟ್ರಾನ್-ರಂಧ್ರ ಹುಟ್ಟದಿರಲಿ.

ಅಪರ್ಚರ್:
ಅಳತೆಯನ್ನೂ ಅನುಮಾನಿಸಿ. ಫಿಲ್ಮ್ 40 ನ್ಯಾನೋಮೀಟರ್‌ಗಿಂತ ದಪ್ಪವಿದ್ದರೆ ರಾಡ್‌ಗಳು ಓರೆಯಾಗಿ ನಿಲ್ಲಬಹುದು, 20–30ಕ್ಕೆ ಇಳಿಸಿದರೆ ಮಲಗುತ್ತವೆ. ಸ್ಪಿನ್ ವೇಗ ನಂಬಿ ಕೂರದೆ ಎಲಿಪ್ಸೋಮೀಟರ್‌ನಲ್ಲಿ ದಪ್ಪ ನೋಡಿ. 1.4 ಅಪರ್ಚರ್‌ನ ಆಬ್ಜೆಕ್ಟಿವ್ ಧ್ರುವೀಕರಣವನ್ನು ಕಲಸುತ್ತದೆ, ಲೇಸರ್ ಮತ್ತು ಹೊಳಪನ್ನು ಬೇರ್ಪಡಿಸುವ ಡೈಕ್ರೋಯಿಕ್ ಕನ್ನಡಿಯೂ ಸಾಚಾ ಅಲ್ಲ. ಇನ್ನು, ಮಿಣುಕದೇ ಸ್ಥಿರವಾಗಿ ಉರಿಯುವ ಚುಕ್ಕೆ ಪಕ್ಕಪಕ್ಕ ಅಂಟಿದ ರಾಡ್‌ಗಳ ಕಟ್ಟೂ ಆಗಿರಬಹುದು. ಒಂದೇ ದಿಕ್ಕಿನಲ್ಲಿ ಮಲಗಿದ್ದರೆ ಧ್ರುವೀಕರಣವೂ ಮೋಸ ಮಾಡುತ್ತದೆ. ಫೋಟಾನ್ ಸಹಸಂಬಂಧದಲ್ಲಿ ಶೂನ್ಯ ವಿಳಂಬದ ಬೆಲೆ (ಎರಡು ಫೋಟಾನ್ ಒಟ್ಟಿಗೇ ಬರುವ ಪ್ರಮಾಣ) 0.5ರ ಕೆಳಗಿದ್ದವನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ.