ಅಪ್‌ಡೇಟ್: ಚಿಕ್ಕಪ್ಪನ ಮನೆಯವರಿಗೆ ಬೆಂಗಳೂರು ತೋರಿಸಿದ್ದಾಯ್ತು
ಹಾವೇರಿಯಿಂದ ಚಿಕ್ಕಪ್ಪನ ಮನೆಯವರು ತುಮಕೂರಿಗೆ ಬರುತ್ತಾರೆ, ಶನಿವಾರ ಭಾನುವಾರದಲ್ಲಿ ಬೆಂಗಳೂರು ಹೇಗೆ ತೋರಿಸಲಿ ಅಂತ ಕೇಳಿದ್ದೆನಲ್ಲ? ಕಾರು ಬೇಡ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಬಸ್ಸಲ್ಲಿ ಮಾದಾವರಕ್ಕೆ ಹೋಗಿ ಹಸಿರು ಮೆಟ್ರೋ ಹತ್ತಿದೆವು, ಎಲ್ಲೂ ಬದಲಾಯಿಸದೆ ಲಾಲ್‌ಬಾಗ್.

ಗಾಜಿನ ಮನೆ ಹತ್ತು ನಿಮಿಷಕ್ಕೆ ಮುಗಿಯಿತು. ಆದರೆ ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಅಂದಿದ್ದೇ ತಡ, ಕೆಂಪೇಗೌಡರ ಗೋಪುರದ ಹತ್ತಿರ ಕೂತ ಚಿಕ್ಕಪ್ಪ ಒಂದು ಗಂಟೆ ಏಳಲೇ ಇಲ್ಲ. (ಬಂಡೆ ನೋಡೋಕೆ ಸುಮ್ನೆ ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರೂ ಆಗ್ತಿತ್ತು, ಅಲ್ವಾ!) ಸಂಜೆ ವಿ.ವಿ. ಪುರಂ ತಿಂಡಿ ಬೀದಿ, ಚಿಕ್ಕಮ್ಮನಿಗೆ ಅದೇ ಜಾಸ್ತಿ ಇಷ್ಟವಾಯಿತು.

ಭಾನುವಾರ ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೋಗೆ ಬದಲಾಯಿಸಿ ವಿಧಾನಸೌಧ, ಕಬ್ಬನ್ ಪಾರ್ಕ್. ಅರಮನೆ ಬಿಟ್ಟೆವು, ಕಾಲು ಸೋತಿತ್ತು.